ಮಾವನ ತಲೆಗೆ ತಕ್ಕ ಬಾಗಿಲು

ನಮ್ಮ ಮಾವನ ಹಣೆ ಮೇಲೆ, ಕೂದಲು ಶುರುವಾಗೋ ಜಾಗದಲ್ಲಿ, ಒಂದು ಬುಗುಟು ಐತೆ. ನಿಂಬೆಹಣ್ಣಿನಷ್ಟು ದಪ್ಪ. ಸರಿ, ನಂಬಲ್ಲ ಅಂದ್ರೆ ಶೇಂಗಾ ಬೀಜದಷ್ಟು ಅಂತ ಇಟ್ಕಳ್ರಿ. ಅದು ಹುಟ್ಟಿನಿಂದ ಬಂದಿದ್ದಲ್ಲ. ಚಳ್ಳಕೆರೆ ಬಾಗಿಲುಗಳೆಲ್ಲ ಸೇರಿ, ಒಂದೊಂದು ಏಟು ಹಾಕಿ, ಮಾಡಿಕೊಟ್ಟಿದ್ದು.

ಮಾವ ಅಂದ್ರೆ ಅವ್ವನ ತಮ್ಮ. ಎಷ್ಟುದ್ದ ಅಂದ್ರೆ, ಮಳೆ ಬಂದ್ರೆ ಓಣಿಯವರಿಗೆಲ್ಲ ಅವನೇ ಮೊದಲು ಹೇಳೋನು. ನಮ್ಮ ಕಡೆ ಮಳೆ ಬರೋದೇ ಅಪರೂಪ, ಹಂಗಾಗಿ ಆ ವಿದ್ಯೆ ಅಷ್ಟು ಉಪಯೋಗಕ್ಕೆ ಬರ್ಲಿಲ್ಲ. ಅತ್ತೆ ಅವನ ಮೊಣಕೈಗೆ ಬರ್ತಾಳೆ. ಜಗಳ ಆಡೋವಾಗ ಕಟ್ಟೆ ಹತ್ತಿ ನಿಂತ್ಕೊಂಡು, "ರೀ, ಸ್ವಲ್ಪ ಕೆಳಗೆ ಬರ್ರಿ, ಬೈಬೇಕು" ಅಂತಾಳೆ. ಮಾವ ಪಾಪ, ಬಗ್ಗಿ ಬೈಸ್ಕೊಂಡು ಮತ್ತೆ ಮೇಲಕ್ಕೆ ಹೋಗ್ತಾನೆ.

ಇಂಥವನಿಗೆ ದೇವರು ಕೊಟ್ಟ ಕೆಲಸ ಯಾವುದು ಗೊತ್ತೇನ್ರಿ? ಬಸ್ ಕಂಡಕ್ಟರ್. ಚಳ್ಳಕೆರೆಯಿಂದ ತಳಕು, ಮೊಳಕಾಲ್ಮೂರು ದಾಟಿ ರಾಂಪುರಕ್ಕೆ ಹೋಗೋ ಪ್ರೈವೇಟ್ ಬಸ್ಸು. ಬಸ್ಸಿನ ಮೇಲಿನ ತಗಡು ಮಾವನ ಭುಜದ ಹತ್ರ ಮುಗೀತದೆ. ಬೆಳಿಗ್ಗೆ ಕತ್ತು ಮಡಚ್ಕೊಂಡು ಹತ್ತಿದ್ರೆ ಸಂಜೆ ಇಳಿದ ಮೇಲೇ ಬಿಚ್ಚೋದು. ಹಂಗೆ ಮಡಚ್ಕೊಂಡೇ ಕೂಗೋನು, "ಮುಂದೆ ಹೋಗ್ರಿ, ಮುಂದೆ ಖಾಲಿ ಐತೆ!" ಮೊಳಕಾಲ್ಮೂರು ಹತ್ರ ಬಂದಂಗೆಲ್ಲ ಅದೇ ಸುಳ್ಳು ತೆಲುಗಲ್ಲಿ, "ಜರಗಂಡಿ ಜರಗಂಡಿ, ಮುಂದರ ಖಾಳೀ ಉಂದಿ!" ನಿಜವಾಗ್ಲೂ ಖಾಲಿ ಇರ್ತಿದ್ದಿದ್ದು ಡ್ರೈವರ್ ಮುಂದಿನ ಗಾಜಿನ ಆಚೆ ಇರೋ ರೋಡು ಮಾತ್ರ.

ಬಸ್ಸಲ್ಲಿ ಬಗ್ಗಿದ್ದು ಸಾಲದು ಅಂತ ಮನೇಲೂ ಬಗ್ಗೋದೇ. ಮಾವಂದು ಹಳೇ ಮಾಳಿಗೆ ಮನೆ. ಜಂತೆ ಮೇಲೆ ಮಣ್ಣು ಹಾಕಿದ ಚಪ್ಪಟೆ ಚಾವಣಿ, ನಡುವೆ ಬೆಳಕಿಗೆ ಅಂತ ಒಂದು ಗವಾಕ್ಷಿ. ನಮ್ಮ ಓಣಿಯ ಮನೆಗಳೆಲ್ಲ ಅಂಥವೇ, ಒಂದರ ಗೋಡೆ ಒಂದಕ್ಕೆ ಅಂಟ್ಕೊಂಡು ಒಂದೇ ಸಮ ನಿಂತವೆ. ಒಳಗೆ ಬರೋರು ತಲೆ ಬಾಗಿಸಲಿ ಅಂತ ಹಿರಿಯರು ಬಾಗಿಲು ಗಿಡ್ಡ ಇಡ್ತಿದ್ರಂತೆ. ಆ ಲೆಕ್ಕದಲ್ಲಿ ಮಾವನಷ್ಟು ಮರ್ಯಾದಸ್ತ ಇಡೀ ಜಿಲ್ಲೆಯಲ್ಲಿ ಸಿಗಲ್ಲ. ಬಚ್ಚಲಿಗೂ ನಮಸ್ಕಾರ ಮಾಡೇ ಹೋಗೋನು. ಅಂಗಿ ಬಿಚ್ಚಬೇಕಂದ್ರೆ ಕೈ ಮೇಲೆತ್ತೋಕೆ ಜಾಗ ಇಲ್ಲ, ಓಣಿಗೆ ಬರಬೇಕು. ಮಾವ ಡ್ಯೂಟಿ ಮುಗಿಸಿ ಅಂಗಿ ಬಿಚ್ಚೋ ಹೊತ್ತಿಗೆ ಓಣಿ ಹುಡುಗ್ರು ಸರ್ಕಸ್ಸಿಗೆ ಸೇರಿದಂಗೆ ಸೇರ್ತಿದ್ರು.

ನಾನು ತಳಕಿನವಳು. ಹೈಸ್ಕೂಲಿಗೆ ಅಂತ ಬಂದು ಮಾವನ ಮನೇಲಿ ಉಳ್ಕೊಂಡೆ. ಅವ್ವನ ತವರಿಂದ ನಂಗೆ ಬಂದ ಆಸ್ತಿ ಒಂದೇ, ಈ ಉದ್ದ. ಎಂಟನೇ ಕ್ಲಾಸಲ್ಲಿ ಚೆನ್ನಾಗೇ ಇದ್ದೆ. ಒಂಬತ್ತಕ್ಕೆ ಬರೋ ಹೊತ್ತಿಗೆ ಲಂಗದ ಅಂಚು ಬಿಚ್ಚಿ ಬಿಚ್ಚಿ ಅತ್ತೆಗೆ ಸಾಕಾಗಿ, "ನಿನ್ನ ಕಾಲು ರಾತ್ರಿ ಎದ್ದು ಎಲ್ಲಿಗೆ ಹೋಗ್ತಾವೆ?" ಅಂತ ಕೇಳಿದ್ಲು. ಸ್ಕೂಲಲ್ಲಿ ನನ್ನ ಹೆಸರು ಕರೆಂಟ್ ಕಂಬ. ಕಂಬ ಅನ್ನಿಸ್ಕೊಳ್ಳೋದು ಬ್ಯಾಡ ಅಂತ ನಾನು ಮೆಲ್ಲಗೆ ಕೊಡೆ ಹಿಡಿಕೆ ಆಗ್ತಾ ಬಂದೆ. ಭುಜ ಮುಂದೆ, ಕತ್ತು ಒಳಗೆ.

ಹಿಂಗಿರೋವಾಗ ಒಂದು ದಿನ ಊಟದ ಮಧ್ಯೆ ಗೆದ್ದಲು ತಿಂದ ಒಂದು ಜಂತೆ ಕಟಾರ್ ಅಂತು. ಮಾವ ಕೂತಲ್ಲಿಂದ ಎದ್ದು ಎರಡೂ ಕೈಯಲ್ಲಿ ಹಿಡ್ಕೊಂಡ. ಪಕ್ಕದವರು ಆಸರೆಗೆ ಮರ ತರೋವರೆಗೂ ಹಂಗೇ ನಿಂತಿದ್ದ, ಅತ್ತೆ ಸ್ಟೂಲು ಹತ್ತಿ ಉಳಿದ ಮುದ್ದೆ ತಿನ್ನಿಸಿದ್ಲು. ಮುದ್ದೆ ತಿನ್ನಿಸಿದ್ದು ನಾನು ಸೇರಿಸಿದ್ದು, ಜಂತೆ ಹಿಡಿದಿದ್ದು ನಿಜ. ಅವತ್ತೇ ತೀರ್ಮಾನ ಆಯ್ತು: ಇದನ್ನ ಕೆಡವಿ ಸಿಮೆಂಟ್ ಚಾವಣಿಯ ಮೋಲ್ಡ್ ಮನೆ ಕಟ್ಟೋದು.

ಜಾಗ ಸಣ್ಣದು, ಅದಕ್ಕೆ ಕೆಳಗೊಂದು ಮನೆ, ಮೇಲೆ ನಂಗೆ ಓದೋಕೆ ಒಂದು ರೂಮು. ಪ್ಲಾನ್ ಬರೆಯೋರಿಗೆ ಮಾವ ಇಟ್ಟ ಷರತ್ತು ಒಂದೇ: "ನಾನು ಒಳಗೆ ನಿಂತು ಕೈ ಎತ್ತಿ ಅಂಗಿ ಬಿಚ್ಚಬೇಕು. ಫ್ಯಾನು ತಿರುಗ್ತಾ ಇರಬೇಕು. ಬೆರಳು ಉಳೀಬೇಕು." ಅವರು ಹಂಗೇ ಬರೆದ್ರು.

ಪ್ಲಾನು ನಗರಸಭೆ ಕಚೇರಿಗೆ ಹೋಯ್ತು, ಬೇಗನೇ ವಾಪಸ್ ಬಂತು. ಆಗಲ್ಲ. ಓಣಿ ಸಣ್ಣದು, ಸಣ್ಣ ಓಣಿಗೆ ಇಷ್ಟೆತ್ತರದ ಮನೆ ಬರಂಗಿಲ್ಲ. ಒಂದೋ ಚಾವಣಿ ಇಳಿಸ್ರಿ, ಇಲ್ಲ ಮೇಲಿನ ರೂಮು ಬಿಡ್ರಿ.

ಅತ್ತೆ ಕೇಳಿದ್ಲು, "ಏನ್ ಮಾಡ್ತೀರಿ?"

"ಹುಡುಗಿ ರೂಮು ಬಿಡೋಕಾಗಲ್ಲ. ಚಾವಣಿ ಇಳಿಸ್ತೀನಿ. ಬಗ್ಗೋದು ನಂಗೇನ್ ಹೊಸದಾ?" ಅಂದು ಮಾವ ನಕ್ಕ. ನಗ್ತಾ ನಗ್ತಾ ಬಾಗಿಲು ದಾಟಿ ಹೋದ, ಅವತ್ತು ಮಾತ್ರ ಮರೆತು, ನೆಟ್ಟಗೆ. ಧಡ್ ಅಂತ ಸದ್ದಾಯ್ತು. ಬುಗುಟಿನ ಮೇಲೇ.

ಅದೇ ವಾರ ನಮ್ಮ ಕ್ಲಾಸಿನ ಗ್ರೂಪ್ ಫೋಟೊ ಬಂತು. ನಾನು ಹಿಂದಿನ ಸಾಲಲ್ಲಿ ಮಂಡಿ ಮಡಚಿ, ಕತ್ತು ನುಂಗಿ, ಎಲ್ಲರ ಸಮ ನಿಂತಿದ್ದೆ. ಎಷ್ಟು ಚೆನ್ನಾಗಿ ಕುಳ್ಳಿ ಆಗಿದ್ದೆ ಅಂದ್ರೆ ಅತ್ತೆಗೆ ನಾನು ಸಿಗಲೇ ಇಲ್ಲ. ಮಾವ ಕಂಡುಹಿಡಿದ.

"ಯಾಕೆ ಹಿಂಗ್ ನಿಂತಿದ್ದೀಯ?"

"ಎಲ್ರೂ ಸಮ ಕಾಣ್ಲಿ ಅಂತ ಮಾವ."

ಮಾವ ಆ ಫೋಟೊನ ಗವಾಕ್ಷಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನಂಗೆ ಜೋಕ್ ಹೊಡೀಬೇಕು ಅನ್ನಿಸ್ತು, ಯಾವುದೂ ನೆನಪಾಗಲಿಲ್ಲ. ಮಾರನೇ ದಿನ ಬಸ್ಸಿಗೆ ರಜಾ ಹಾಕಿ, ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು, "ಅಪೀಲ್ ಹಾಕ್ತೀನಿ" ಅಂದ. ಅತ್ತೆ ಕಟ್ಟೆ ಹತ್ತಿದ್ಲು, ಆದ್ರೆ ಬೈಲಿಲ್ಲ. ಅವನ ಕಾಲರ್ ಸರಿ ಮಾಡಿ ಇಳಿದ್ಲು.

ಅಪೀಲ್ ನೋಡೋ ಸಾಹೇಬ್ರು ದುರ್ಗದಿಂದ ಒಂದಿನ ಜಾಗ ನೋಡೋಕೆ ಬಂದ್ರು. ದಪ್ಪ, ಗಿಡ್ಡ, ಬೆವರು ಒರೆಸೋ ಕರ್ಚೀಫು ಟವೆಲಿನಷ್ಟು. "ಬರ್ರಿ ಸಾರ್, ಬರ್ರಿ" ಅಂತ ಮಾವ ಅವರನ್ನ ಒಳಗೆ ಕರೆಯೋ ಭರದಲ್ಲಿ ಧಡ್.

"ಏನ್ರಿ, ನಿಮ್ಮ ಮನೆ ಬಾಗಿಲೇ ನಿಮಗೆ ಗೊತ್ತಿಲ್ವಾ?" ಅಂದ್ರು ಸಾಹೇಬ್ರು.

"ಮನೆ ನಂದೇ ಸಾರ್. ಬಾಗಿಲು ನಮ್ಮಜ್ಜನದು. ಅವನು ನಿಮ್ಮಷ್ಟೇ ಇದ್ದ."

ಅತ್ತೆ ಒಳಗಿಂದ ಕೆಮ್ಮಿದ್ಲು. ಸಾಹೇಬ್ರು ಪುಣ್ಯಕ್ಕೆ ನಕ್ಕರು. ಆಮೇಲೆ ಪ್ಲಾನ್ ಬಿಡಿಸಿ, "ಚಾವಣಿ ಸ್ವಲ್ಪ ಇಳಿಸಿದ್ರೆ ಮುಗೀತಿತ್ತು. ಅಷ್ಟಕ್ಕೆ ಅಪೀಲು ಬೇಕಿತ್ತಾ?" ಅಂದ್ರು.

"ನಂದೇನಿಲ್ಲ ಸಾರ್, ನಂಗೆ ಬಗ್ಗಿ ಅಭ್ಯಾಸ ಆಗೋಗೈತೆ. ಈ ಹುಡುಗಿಗೆ ಅಭ್ಯಾಸ ಆಗಬಾರ್ದು" ಅಂದು ಮಾವ ನನ್ನ ಎಳೆದು ಮುಂದೆ ನಿಲ್ಲಿಸಿದ. "ನೆಟ್ಟಗೆ ನಿಂತ್ಕಳೇ."

ನಿಂತೆ. ಬೆನ್ನಿನ ಮೂಳೆ ಒಂದೊಂದೂ ಟಕ ಟಕ ಅಂತು. ನನ್ನ ನೆತ್ತಿ ಜಂತೆಗೆ ತಾಗಿ ಮಣ್ಣು ಉದುರ್ತು. ಸಾಹೇಬ್ರು ತಲೆ ಎತ್ತಿ ನನ್ನ ನೋಡಿದ್ರು, ಕರ್ಚೀಫಲ್ಲಿ ಒರೆಸ್ಕೊಂಡ್ರು.

"ನೋಡ್ರಿ, ಓಣಿಗೆ ಗಾಳಿ ಬೆಳಕು ತಪ್ಪಬಾರ್ದು, ಅಕ್ಕಪಕ್ಕದವರ ತಕರಾರು ಇರಬಾರ್ದು. ಹಂಗಿದ್ರೆ ಸ್ವಲ್ಪ ಸಡಿಲ ಮಾಡಬಹುದು. ತಕರಾರು ಯಾರದ್ದಾದ್ರೂ ಐತಾ?"

"ನಂದೈತೆ!"

ಆಕಾಶವಾಣಿ ಆದಂಗೆ ಆಯ್ತು. ಸಾಹೇಬ್ರು ಕುರ್ಚಿಯಿಂದ ಬೀಳೋದೊಂದು ಬಾಕಿ. ತಲೆ ಎತ್ತಿದ್ರೆ ಗವಾಕ್ಷಿ ತುಂಬ ಪಕ್ಕದ್ಮನೆ ಅಜ್ಜಿ ಮುಖ. ಕೈಯಲ್ಲಿ ಸಾರಿನ ಬಟ್ಟಲು.

ಅಜ್ಜಿ ತಂಗಿ ಮನೆ ನಮ್ಮ ಮನೆಯ ಆ ಕಡೆ ಐತೆ. ಕೆಳಗೆ ಓಣೀಲಿ ಚರಂಡಿ, ನಾಯಿ, ಸೈಕಲ್ಲು. ಮೇಲೆ ಮಾಳಿಗೆಯಿಂದ ಮಾಳಿಗೆಗೆ ಸಲೀಸು ದಾರಿ. ದಿನಾ ಸಂಜೆ ಅಜ್ಜಿ ನಮ್ಮ ತಲೆ ಮೇಲೆ ಹಾಯ್ದು ತಂಗಿಗೆ ಸಾರು ಕೊಟ್ಟು, ಊರ ಸುದ್ದಿ ತಗೊಂಡು ವಾಪಸ್ ಬರೋಳು. ನಮ್ಮ ಕಡೆ ಮಾಳಿಗೆ ಅಂದ್ರೆ ಹೆಂಗಸರ ಮೇನ್ ರೋಡು. ದಿನಾ ರೋಡಲ್ಲೇ ಬದುಕೋ ನಮ್ಮ ಕಂಡಕ್ಟರ್ ಸಾಹೇಬ ತನ್ನ ತಲೆ ಮೇಲಿನ ರೋಡೇ ಮರೆತು ಪ್ಲಾನ್ ಬರೆಸಿದ್ದ!

ಸಾಹೇಬ್ರು ಏಣಿ ಹತ್ತಬೇಕಾಯ್ತು. ಕೆಳಗಿಂದ ಮಾವ ನೂಕಿದ, ಮೇಲಿಂದ ಅಜ್ಜಿ ಎಳೆದ್ಲು, ಏಣಿ ಅಳ್ತಾ ಇತ್ತು. ಹಿಂದೇನೇ ಮಾವನೂ ನಾನೂ ಹತ್ತಿದ್ವಿ. ಅಜ್ಜಿ ತವರು ಮೊಳಕಾಲ್ಮೂರು ಕಡೆ, ಸಿಟ್ಟು ಬಂದ್ರೆ ತೆಲುಗೇ ಬರೋದು.

"ಏಮಿರಾ, ನಾ ದಾರಿ ಮೂಸ್ತಾವಾ? ನನ್ನ ದಾರಿ ಮುಚ್ಚಿ ಇಲ್ಲಿ ಗೋಡೆ ಎಬ್ಬಿಸಿದ್ರೆ ನಾನೇನ್ ಹಾರ್ಕೊಂಡು ಹೋಗ್ಲಾ ಲೇ? ನಿನ್ನ ಎತ್ತಿ ಆಡಿಸಿದೋಳು ನಾನು!"

"ನೀನು ಎತ್ತಿದ್ದಕ್ಕೇ ಅಜ್ಜಿ ಇಷ್ಟುದ್ದ ಆಗಿರೋದು."

"ಬಾಯಿ ಮುಚ್ಚು!"

ಸಾಹೇಬ್ರು ಪ್ಲಾನ್ ಮಡಚೋಕೆ ಶುರು ಮಾಡಿದ್ರು. ಅದನ್ನ ಅರ್ಧಕ್ಕೆ, ಆಮೇಲೆ ಕಾಲು ಭಾಗಕ್ಕೆ ಮಡಚೋದನ್ನ ನೋಡ್ತಾ ನಾನೂ ಹಂಗೇ ಮಡಚ್ಕೊಂತಾ ಹೋದೆ. ಮುಗೀತು ಅಂದ್ಕೊಂಡೆ. ಮಾವ ಒಂದು ಸಲ ಆ ಮಾಳಿಗೆ ನೋಡಿದ, ಈ ಮಾಳಿಗೆ ನೋಡಿದ. ಆಮೇಲೆ ಬಸ್ ಸ್ಟ್ಯಾಂಡ್ ದನಿ ತೆಗೆದ.

"ಅಜ್ಜಿ, ನಮ್ಮ ಬಸ್ಸಿಗೆ ಎಷ್ಟು ಬಾಗ್ಲು?"

"ಎರಡು. ಯಾಕೆ?"

"ಹಿಂದ್ಲ ಬಾಗ್ಲಲ್ಲಿ ಹತ್ತಿ ಮುಂದ್ಲ ಬಾಗ್ಲಲ್ಲಿ ಇಳೀತೀಯಲ್ಲ? ಇಲ್ಲೂ ಹಂಗೇ ಮಾಡಿಕೊಡ್ತೀನಿ. ಮೇಲಿನ ರೂಮು ಹಿಂದಕ್ಕೆ ತಳ್ತೀನಿ, ಓಣಿ ಕಡೆ ಮೋಲ್ಡು ಖಾಲಿ ಬಿಡ್ತೀನಿ. ಈ ಕಡೆ ಮೆಟ್ಲು ಹತ್ತು, ನಡೀ, ಆ ಕಡೆ ಮೆಟ್ಲು ಇಳಿ. ಟಿಕೆಟ್ ಇಲ್ಲ."

ಅಜ್ಜಿ ಯೋಚನೆ ಮಾಡಿದ್ಲು. "ಹಿಡ್ಕಳೋಕೆ ಕಂಬಿ?"

"ಬಸ್ಸಲ್ಲಿ ಇರೋ ಅಂಥದ್ದೇ ಕಂಬಿ."

ಸಾಹೇಬ್ರು ಮಡಚಿದ ಪ್ಲಾನ್ ಮತ್ತೆ ಬಿಚ್ಚಿದ್ರು. ರೂಮು ಹಿಂದಕ್ಕೆ ಹೋದ್ರೆ ಓಣಿ ಮೇಲೆ ಬೆಳಕು ಬೀಳ್ತೈತೆ, ಎದುರು ಮನೆಯವರಿಗೆ ಗಾಳಿ ಹೋಗ್ತೈತೆ ಅಂತ ತಾವೇ ಕೈ ತೋರಿಸಿ ಹೇಳಿದ್ರು. "ಹಿಂಗೇ ಬರೆಸಿ ಕೊಡ್ರಿ, ಮಾಡೋಣ" ಅಂದ್ರು. ಅಜ್ಜಿ ತಂಗಿಗೆ ಅಂತ ತಂದ ಸಾರು ಸಾಹೇಬ್ರ ಕೈಗೆ ಬಂತು. ಎರಡು ಸಲ ಹಾಕಿಸ್ಕೊಂಡು ಕುಡಿದ್ರು.

ಮಂಜೂರಾತಿ ಬಂದ ದಿನ ಅತ್ತೆ ಕಟ್ಟೆ ಹತ್ತದೆ, ನೆಲದ ಮೇಲೇ ನಿಂತು, ಸೆರಗು ಬಾಯಿಗೆ ಇಟ್ಕೊಂಡು ಅತ್ಲು. ಅಷ್ಟು ದಿನ ಎದೆ ಮೇಲೆ ಕೂತಿದ್ದ ಒಂದು ಜಂತೆ ಯಾರೋ ಎತ್ತಿದಂಗೆ ನಂಗೂ ಹಗುರ ಆಯ್ತು. ಮನೆ ಮುಗಿಯೋವರೆಗೂ ಅಜ್ಜಿ ಓಣೀಲಿ ನಡ್ಕೊಂಡು ಹೋಗಿ ದಿನಕ್ಕೊಂದು ಹೊಸ ಬೈಗುಳ ಕೊಟ್ಲು, ಎಲ್ಲಾ ತೆಲುಗಲ್ಲಿ, ಅದನ್ನ ಇಲ್ಲಿ ಬರೆಯಂಗಿಲ್ಲ.

ಗೃಹಪ್ರವೇಶದ ದಿನ ಮಾವ ಬಾಗಿಲಲ್ಲಿ ನಿಂತು ನೆಂಟರನ್ನೆಲ್ಲ ಕೂಗಿದ, "ಒಳಗೆ ಹೋಗ್ರಿ, ಒಳಗೆ ಖಾಲಿ ಐತೆ!" ಅವನ ಸರ್ವೀಸಲ್ಲಿ ಆ ಮಾತು ನಿಜ ಆಗಿದ್ದು ಅದೇ ಮೊದಲು. ಬಾಗಿಲು ಎಷ್ಟೆತ್ತರ ಅಂದ್ರೆ ಒಂದು ಒಂಟೆ ಬಂದ್ರೂ ಅನುಮಾನ ಪಡದೆ ಒಳಗೆ ಬರಬಹುದು. ಎಲ್ಲಾ ಆದ ಮೇಲೆ ಮಾವ ಒಳಗೆ ಬಂದ. ಬಗ್ಗಿ. ಇಡೀ ನೆಂಟರ ಗುಂಪು ಹೋ ಅಂತು. ಅಜ್ಜಿ ಅವನ ಬೆನ್ನಿಗೆ ಒಂದು ಬಿಟ್ಟು, "ನೆಟ್ಟಗೆ ಬಾರೋ, ಇದಕ್ಕೇನಾ ನನ್ನ ಸಾರು ಖರ್ಚಾಗಿದ್ದು?" ಅಂದ್ಲು.

ಇವತ್ತಿಗೂ ಮಾವ ಆ ಬಾಗಿಲಲ್ಲಿ ಬಗ್ಗೇ ಬರೋದು. ಆದ್ರೆ ಫ್ಯಾನ್ ಕೆಳಗೆ ನಿಂತು ಅಂಗಿ ಬಿಚ್ತಾನೆ, ಬೆರಳು ಎಲ್ಲಾ ಇದಾವೆ. ನನ್ನ ರೂಮಿಗೆ ಉದ್ದ ಇಲ್ಲ, ಅಗಲ ಇಲ್ಲ, ಎತ್ತರ ಒಂದೈತೆ. ಕಿಟಕಿ ಮುಂದೆ ಸಂಜೆ ಸಾರಿನ ಬಟ್ಟಲು ಹಿಡ್ಕೊಂಡ ಅಜ್ಜಿ ಹಾಯ್ದು ಹೋಗ್ತಾಳೆ, "ಓದ್ತೀಯಾ, ಕನ್ನಡಿ ನೋಡ್ತೀಯಾ?" ಅಂತ ಕೇಳ್ತಾಳೆ. ನಾನು ಓದ್ತೀನಿ ಅಂತ ಹೇಳ್ತೀನಿ.

ಈ ವರ್ಷ ಪಿಯುಸಿ ಗ್ರೂಪ್ ಫೋಟೊ ತೆಗೆಯೋವಾಗ ಫೋಟೊದವರು, "ಏ ಹಿಂದಿನ ಸಾಲಿನ ಹುಡುಗಿ, ತಲೆ ಕಟ್ ಆಗ್ತೈತೆ, ಸ್ವಲ್ಪ ಬಗ್ಗಮ್ಮ" ಅಂದ್ರು.

"ಸಾರ್, ನೀವೇ ಹಿಂದಕ್ಕೆ ಹೋಗ್ರಿ, ಹಿಂದೆ ಖಾಲಿ ಐತೆ" ಅಂದೆ. ಕ್ಲಾಸಿಗೆ ಕ್ಲಾಸೇ ನಕ್ತು. ಅವರು ಹಿಂದಕ್ಕೆ ಹೋದ್ರು.

ಆ ಫೋಟೊಗೆ ಮಾವ ಕಟ್ಟು ಹಾಕಿಸಿ, ಸ್ಟೂಲ್ ಹತ್ತಿ, ಬಾಗಿಲ ನೆತ್ತಿಯ ಮೇಲೆ ಮೊಳೆ ಹೊಡೆದು ನೇತು ಹಾಕಿದಾನೆ. ಅತ್ತೆಗಂತೂ ಅದು ಕಾಣೋದೇ ಇಲ್ಲ. ಡ್ಯೂಟಿಗೆ ಹೋಗೋ ಮುಂಚೆ ಮಾವ ಬಾಗಿಲ ಹತ್ರ ಒಂದು ನಿಮಿಷ ನಿಲ್ತಾನೆ. ಜೀವನ ಪೂರ್ತಿ ಎಲ್ಲವನ್ನೂ ಬಗ್ಗಿ ನೋಡಿದ ಮನುಷ್ಯ ತಲೆ ಎತ್ತಿ ನೋಡೋದು ಆ ಮನೇಲಿ ಅದೊಂದನ್ನೇ.