ಮರುಕದ ಪಾಠದ ಮೇಡಂ
ಯಾದಗಿರಿಯ ನಮ್ಮ ನರ್ಸಿಂಗ್ ಶಾಲೆಯಲ್ಲಿ ರೋಗಿಗಳೊಡನೆ ಮರುಕದಿಂದ ಮಾತಾಡುವುದನ್ನು ಕಲಿಸುವವರು ದಾನೇಶ್ವರಿ ಮೇಡಂ. ಪಾಠಕ್ಕೆ ಅವರೇ ರೋಗಿಯಾಗುತ್ತಾರೆ. ಇವತ್ತು ರಂಗಂಪೇಟೆಯ ಹೊಟ್ಟೆನೋವಿನ ಮುದುಕಿಯಾದರೆ ನಾಳೆ ಹುಣಸಗಿ ಬಸ್ಸಿನಿಂದ ಬಿದ್ದ ಸಾಹುಕಾರ. ಅವರ ನರಳಾಟ ಕೇಳಿ ಗುಮಾಸ್ತನಾದ ನಾನೇ ಒಮ್ಮೆ ಗಾಲಿಕುರ್ಚಿ ತಳ್ಳಿಕೊಂಡು ಓಡಿದ್ದೆ. ಇನ್ನೊಮ್ಮೆ ಮೇಡಂ ನಿಜವಾಗಿಯೇ ತಲೆಸುತ್ತು ಬಂದು ಕುಸಿದಾಗ ಹುಡುಗಿಯರೆಲ್ಲ ಅದೂ ನಟನೆಯೆಂದುಕೊಂಡು ಚಪ್ಪಾಳೆ ತಟ್ಟಿದರು. ರೋಗಿಯ ಕಣ್ಣು ಎಷ್ಟು ಹೊತ್ತು ನೋಡಬೇಕು, ಕೈ ಎಲ್ಲಿಡಬೇಕು ಎಂದು ಹುಡುಗಿಯರು ಗೊಂದಲಗೊಂಡರೆ, ಮೇಡಂ "ಮೊದಲ 'ನಿಮ್ಮ ಸಂಕಟ ನನಗ ತಿಳೀತದ್ರಿ' ಅನ್ರಿ, ಮುಂದಿಂದು ತಾನ ಬರ್ತದ" ಎನ್ನುತ್ತಾರೆ. ಮುಂದೇನು ಬರುತ್ತದೆಂದು ಅವರಿಗೂ ಖಾತ್ರಿಯಿಲ್ಲ. ಕಳೆದ ತಿಂಗಳು ಮೇಡಂಗೆ ಹಾಜರಿ ಪುಸ್ತಕ ಕೊಡಲು ನಾನು ಆಸ್ಪತ್ರೆಯ ವಾರ್ಡಿಗೆ ಹೋದಾಗ, ಬಳಿಚಕ್ರ ಊರಿನ ಬಾಣಂತಿ ಹಣಮಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹುಟ್ಟಿದ ದಿನವೇ ಕೂಸು ತೀರಿಹೋಗಿ, ಎರಡು ದಿನದಿಂದ ಅವಳು ಯಾರೊಡನೆಯೂ ಮಾತಾಡಿರಲಿಲ್ಲ. ವಿದ್ಯಾರ್ಥಿನಿ ಪಂಚಶೀಲಾ ಕಲಿತ ಮಾತನ್ನೇ ಮೆಲ್ಲಗೆ ಹೇಳಿದಳು. "ನಿನಗ ಹ್ಯಾಂಗ ತಿಳೀತದ? ನೀ ಹಡದಿಯೇನು?" ಎಂದಳು ಹಣಮಮ್ಮ. ಪಂಚಶೀಲಾ ಕಂಗಾಲಾಗಿ ಮೇಡಂ ಮುಖ ನೋಡಿದಳು. ಮೇಡಂ ಮಂಚದ ಹತ್ತಿರ ಬಂದು, "ಖರೇ ಅದವ್ವ, ನಮಗ ತಿಳಿಯಂಗಿಲ್ಲ. ಕೂಸು ಹ್ಯಾಂಗಿತ್ತು, ಹೇಳ್ತೀಯೇನು?" ಎಂದರು. ಹಣಮಮ್ಮ ನಿಧಾನವಾಗಿ ಇತ್ತ ಹೊರಳಿ, ಕಾಲು ಸರಿಸಿ, ಮಂಚದ ಮೇಲೆ ಇಬ್ಬರಿಗೂ ಜಾಗ ಮಾಡಿದಳು. "ತಲಿ ತುಂಬ ಕೂದಲಿದ್ವರಿ," ಎಂದಳು.