ಚೂಟಿಯ ಹೆಸರಿಗೆ ಬಂದ ಪಾಠಗಳು

ಇಟ್ಟಿಗೆ ಗೂಡಿನಲ್ಲಿ ಅವಳನ್ನು ಎಲ್ಲರೂ ಉದ್ದಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿನ ಗಂಡಸರಿಗಿಂತ ಒಂದು ಗೇಣು ಎತ್ತರ. ತಲೆಯ ಮೇಲೆ ಸಿಂಬಿ, ಅದರ ಮೇಲೆ ಹಲಗೆ, ಹಲಗೆಯ ತುಂಬ ಇಟ್ಟಿಗೆ ಪೇರಿಸಿಕೊಂಡು ಅವಳು ಗೂಡಿನ ಬಾಯಿಗೆ ಬಂದಳೆಂದರೆ, ಒಳಗೆ ಜೋಡಿಸುವವರು, "ಬಗ್ಗು ಮಾರಾಯ್ತಿ, ಚಾವಣಿ ಹಾರಿಹೋದೀತು" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಶಾಲೆಯ ಮೆಟ್ಟಿಲನ್ನು ಅವಳು ಹತ್ತಿದವಳಲ್ಲ. ಒಂದು ಗೂಡಿನ ಕೆಲಸ ಮುಗಿದರೆ ಇನ್ನೊಂದು ಗೂಡು; ಅಪ್ಪ ಮಣ್ಣು ತುಳಿಯುವವನು, ಅಮ್ಮ ಅಚ್ಚು ಹೊಡೆಯುವವಳು. ತಂಗಿ ಹುಟ್ಟಿದಾಗ ಕೂಸನ್ನು ಸೊಂಟಕ್ಕೇರಿಸಿಕೊಳ್ಳುವ ಕೆಲಸ ಇವಳ ಪಾಲಿಗೆ ಬಂತು. ಆ ಕೂಸೇ ಚೂಟಿ. ಹೆಸರಿಗೆ ತಕ್ಕ ಹುಡುಗಿ. ಬಾಯಿ ತೆರೆದರೆ ಅರಳು ಹುರಿದ ಹಾಗೆ ಮಾತು.

ಚೂಟಿಗೆ ಹನ್ನೊಂದೋ ಹನ್ನೆರಡೋ ಆಗಿದ್ದಾಗ ಪಟ್ಟಣದಿಂದ ಒಬ್ಬರು ಟೀಚರ್ ಬಂದರು. ಗೂಡುಗಳಲ್ಲಿ ಶಾಲೆ ತಪ್ಪಿಸಿಕೊಂಡ ಹೆಣ್ಣುಮಕ್ಕಳಿಗೆ ಫೋನಿನಲ್ಲೇ ಓದು ಕಲಿಸುವ ಯೋಜನೆ ಅವರದು. ಮನೆಗೊಂದರಂತೆ ಹಳೆಯ ಫೋನುಗಳನ್ನು ಕೊಟ್ಟರು. ದಿನವೂ ಬೆಳಿಗ್ಗೆ ಒಂದು ಪದ ಅಕ್ಷರದಲ್ಲಿ ಬರುತ್ತಿತ್ತು, ಜೊತೆಗೆ ಟೀಚರ ದನಿ. ಕೇಳಬೇಕು, ಓದಬೇಕು, ಬರೆದು ಕಳಿಸಬೇಕು. ವಯಸ್ಸಿನ ಲೆಕ್ಕದಲ್ಲಿ ಉದ್ದಕ್ಕ ಹೊರಗುಳಿದಳು. ಫೋನು ಚೂಟಿಯ ಕೈಸೇರಿತು.

ಆದರೆ ಅವರ ಜೋಪಡಿಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಗೂಡಿನ ಹಿಂದೆ ಒಡೆದ ಇಟ್ಟಿಗೆ ಸುರಿದ ಗುಡ್ಡೆಯೊಂದಿತ್ತು; ಅದರ ತುದಿ ಹತ್ತಬೇಕು. ಅಕ್ಕತಂಗಿಯರು ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅಲ್ಲಿಗೆ ಹೋಗುತ್ತಿದ್ದರು.

"ಅಕ್ಕಾ, ಕೈ ಎತ್ತು. ಇನ್ನೂ ಮೇಲೆ. ನೀನೇ ನಮ್ಮನೆ ಟವರು."

"ಕೈ ಬಿದ್ದುಹೋಗತ್ತೆ ಕಣೇ, ಬೇಗ ನೋಡು."

ಪಾಠ ಬಂದಮೇಲೆ ಚೂಟಿ ಜೋರಾಗಿ ಓದುತ್ತಿದ್ದಳು. ಉದ್ದಕ್ಕ ಪಕ್ಕದಲ್ಲಿ ಕೂತು ತಂಗಿಯ ತಲೆ ಬಾಚುತ್ತಿದ್ದಳು. ಕಿವಿಗೆ ಬಿದ್ದ ಪದಗಳು ಒಂದೆರಡು ಮನಸ್ಸಿನಲ್ಲಿ ನಿಲ್ಲುತ್ತಿದ್ದವು, ಉಳಿದವು ಹೋಗುತ್ತಿದ್ದವು. "ನೀನೂ ಕಲಿಯೇ" ಎಂದು ಚೂಟಿ ಗೋಗರೆದರೆ, "ಇಟ್ಟಿಗೆ ಹೊರೋಕೆ ಅಕ್ಷರ ಯಾಕೆ? ನೀನು ಕಲಿ, ನಾನು ಕೇಳ್ತೀನಿ" ಎನ್ನುತ್ತಿದ್ದಳು.

ಅದೊಂದು ಬೆಳಿಗ್ಗೆ ಉದ್ದಕ್ಕನಿಗೆ ಮೈಕೈ ನೋವು. ಹಿಂದಿನ ದಿನ ಲಾರಿಗೆ ಲೋಡು ಮಾಡಿ ಸುಸ್ತಾಗಿದ್ದಳು. "ಇವತ್ತೊಂದಿನ ನೀನೇ ಹೋಗಿ ಬಾ" ಎಂದು ಮಗ್ಗುಲು ಬದಲಿಸಿದಳು. ಚೂಟಿ ಹೋದಳು. ಸ್ವಲ್ಪ ಹೊತ್ತಿಗೆ ಗುಡ್ಡೆಯ ಕಡೆಯಿಂದ ಅರಚಾಟ ಕೇಳಿತು. ಒಡೆದ ಇಟ್ಟಿಗೆಯ ಸಂದಿಯಲ್ಲಿ ಹಾವಿತ್ತು. ಉದ್ದಕ್ಕ ಓಡಿಹೋಗಿ ತಂಗಿಯನ್ನು, ಕೂಸಾಗಿದ್ದಾಗ ಎತ್ತಿಕೊಳ್ಳುತ್ತಿದ್ದ ಹಾಗೆಯೇ, ಸೊಂಟಕ್ಕೇರಿಸಿಕೊಂಡು ರಸ್ತೆಗೆ ತಂದಳು. ಇಟ್ಟಿಗೆ ಲಾರಿಯೊಂದು ನಿಂತಿತು. ಆಸ್ಪತ್ರೆ ದೂರವಿತ್ತು. ದಾರಿಯಲ್ಲೇ ಚೂಟಿಯ ಮಾತು ತೊದಲತೊಡಗಿತು, ಆಮೇಲೆ ನಿಂತೇಹೋಯಿತು.

ಮಣ್ಣು ಮಾಡಿ ಬಂದ ಅಪ್ಪ ಮೊದಲು ಹುಡುಕಿದ್ದು ಆ ಫೋನನ್ನು.

"ಎಲ್ಲಿದೆ ಅದು? ಅದೇ ನುಂಗಿದ್ದು ನನ್ನ ಮಗಳನ್ನ. ಗೂಡಿನ ಬೆಂಕಿಗೆ ಹಾಕ್ತೀನಿ."

ಸಿಕ್ಕಲಿಲ್ಲ. ಉದ್ದಕ್ಕ ಅದನ್ನು ಹರಕು ಸೀರೆಯಲ್ಲಿ ಸುತ್ತಿ ತಲೆದಿಂಬಿನೊಳಗೆ ತುರುಕಿದ್ದಳು. ಅಂದಿನಿಂದ ಮನೆಯಲ್ಲಿ ಯಾರೂ ಚೂಟಿಯ ಹೆಸರೆತ್ತಲಿಲ್ಲ. ಅಮ್ಮ ಬಾಯಿ ತೆರೆದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಹಾಗಾಗಿ ಅಮ್ಮನೂ ಆ ಹೆಸರನ್ನು ನುಂಗಿಕೊಂಡಳು.

ಕೆಲವು ದಿನಗಳಾದ ಮೇಲೆ ಉದ್ದಕ್ಕ ಗೂಡಿನ ಆಫೀಸಿನಲ್ಲಿ ಫೋನು ಚಾರ್ಜಿಗೆ ಹಾಕಿಸಿಕೊಂಡು, ಉದ್ದನೆಯ ಕೋಲಿನಿಂದ ದಾರಿ ತಟ್ಟುತ್ತ ಅದೇ ಗುಡ್ಡೆ ಹತ್ತಿದಳು. ಕೈ ಎತ್ತಿದಳು. ಪಾಠಗಳು ಒಂದರ ಹಿಂದೊಂದು ಬಂದು ಬಿದ್ದವು. ಪ್ರತಿಯೊಂದೂ ಒಂದೇ ರೀತಿ ಶುರು: "ಚೂಟೀ, ಎದ್ಯಾ? ಇವತ್ತಿನ ಪದ ಕೇಳು." ಟೀಚರ್ ಬೇರೆ ಗೂಡುಗಳ ಸುತ್ತಾಟದಲ್ಲಿದ್ದರು; ಅವರಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಆ ಕರೆ ಕೇಳಿ ಉದ್ದಕ್ಕ ಇಟ್ಟಿಗೆಗಳ ಮೇಲೇ ಕುಸಿದು ಕೂತಳು. ಅಲ್ಲಿಯವರೆಗೆ ಅವಳ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಅವತ್ತು ಬಂತು.

ಕೊನೆಯ ಪಾಠದಲ್ಲಿ ಟೀಚರ್ ಕೇಳಿದ್ದರು: "ಯಾಕಮ್ಮ ಉತ್ತರಾನೇ ಇಲ್ಲ? ಓದೋದು ಬಿಟ್ಬಿಟ್ಯಾ?" ಉತ್ತರ ಹೋಗದಿದ್ದರೆ ಈ ಕರೆಯೂ ನಿಂತುಹೋಗುತ್ತದೆ ಎಂದು ಉದ್ದಕ್ಕನಿಗೆ ಹೊಳೆಯಿತು. ಅವಳು ಪರದೆಯ ಮೇಲಿನ ಪದದ ಆಕಾರವನ್ನು ದಿಟ್ಟಿಸಿದಳು. ಅಂಥದೇ ಆಕಾರಗಳನ್ನು ಕೀಲಿಗಳಲ್ಲಿ ಹುಡುಕಿ, ಇಟ್ಟಿಗೆ ಹಿಡಿದು ಬಿರುಸಾದ ಬೆರಳಿನಿಂದ ಒತ್ತಿದಳು. ಬೆಳಗೆಲ್ಲ ಅದಕ್ಕೇ ಹೋಯಿತು. ಮೇಸ್ತ್ರಿಯ ಕೈಲಿ ಬೈಸಿಕೊಂಡಳು. ಮರುದಿನ ಟೀಚರ ದನಿ ಬಂತು: "ಚೂಟೀ, ನೆರಳು ಅಂತ ಬರಿ ಅಂದ್ರೆ ನರಳು ಅಂತ ಕಳಿಸಿದ್ದೀಯಲ್ಲ! ಹುಷಾರಿದ್ದೀಯಾ?"

ಹೀಗೆ ತಂಗಿಯ ಹೆಸರಿನಲ್ಲಿ ಅಕ್ಕ ಕಲಿಯತೊಡಗಿದಳು. ಕೇಳಿ ಕೇಳಿ, ದನಿಗೂ ಆಕಾರಕ್ಕೂ ನಂಟು ಬೆಸೆದುಕೊಂಡಳು. ಬೇಸಿಗೆ ಬಲಿಯುವ ಹೊತ್ತಿಗೆ ಸಣ್ಣ ಪದಗಳು ತಾವಾಗಿ ಬಾಯಿ ಬಿಡುತ್ತಿದ್ದವು. ಆದರೆ ಅಷ್ಟು ಚುರುಕಿನ ಹುಡುಗಿ ಮತ್ತೆ ಅ ಆ ಇಂದಲೇ ತಡವರಿಸುವುದನ್ನು ಕಂಡು ಟೀಚರಿಗೆ ಸಂಶಯ ಬಂತು. ಒಂದು ಮಧ್ಯಾಹ್ನ ಅವರೇ ಗೂಡಿಗೆ ಬಂದರು.

"ಚೂಟಿ ಎಲ್ಲಿ? ಅವಳ ಫೋನು ಇನ್ಯಾರೋ ಇಟ್ಕೊಂಡಿರೋ ಹಾಗಿದೆ."

ಉದ್ದಕ್ಕ ತಲೆಯ ಮೇಲಿನ ಹಲಗೆ ಇಳಿಸಿದಳು. ಧೂಳಿನ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. "ನಾನೇ ಟೀಚರ್. ಅವಳಿಲ್ಲ" ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಹಾವಿನ ಮಾತು ಬಂದಾಗ ಟೀಚರ್ ಗುಡ್ಡೆಯ ಕಡೆ ತಿರುಗಿ ನೋಡಿ ಅಲ್ಲೇ ಕೂತುಬಿಟ್ಟರು.

"ಅಲ್ಲಿ ಹತ್ತಿದ್ರೇನೇ ಸಿಗ್ನಲ್ ಸಿಗೋದು ಅಂತ ನನಗ್ಯಾರೂ ಹೇಳ್ಲಿಲ್ಲ. ನಾನಾದ್ರೂ ಕೇಳ್ಬೇಕಿತ್ತು."

"ನಾನು ಅವತ್ತು ಜೊತೆಗೆ ಹೋಗ್ಬೇಕಿತ್ತು" ಎಂದಳು ಉದ್ದಕ್ಕ.

ಏಳುವ ಮೊದಲು ಟೀಚರ್, ಪಾಠಗಳನ್ನು ಇನ್ನು ಉದ್ದಕ್ಕನ ಹೆಸರಿಗೇ ಕಳಿಸುತ್ತೇನೆ ಎಂದರು.

"ಬೇಡ ಟೀಚರ್. ಅವಳ ಹೆಸರಲ್ಲೇ ಬರ್ಲಿ. ನಮ್ಮನೇಲಿ ಅವಳನ್ನ ಯಾರೂ ಕರೆಯಲ್ಲ. ದಿನಕ್ಕೊಂದ್ಸಲ ನೀವಾದ್ರೂ ಕರೀರಿ."

ಟೀಚರ್ ಒಪ್ಪಿದರು. ಮರುದಿನ ಪಾಠ ಬಂದಾಗ ದನಿ ಒಡೆದಿತ್ತು, ಆದರೂ ಕರೆದರು.

ಯೋಜನೆ ಹೆಚ್ಚು ಕಾಲ ಬಾಳಲಿಲ್ಲ. ಮಳೆಗಾಲಕ್ಕೆ ಮೊದಲು ಅದನ್ನು ಮುಚ್ಚಿದರು. ಫೋನುಗಳನ್ನು ಹಿಂದಕ್ಕೆ ಪಡೆಯಲು ಬಂದವರೂ ಟೀಚರೇ. ಉದ್ದಕ್ಕ ಒಂದು ಗಳಿಗೆ ಸಮಯ ಕೇಳಿದಳು. ಜೋಪಡಿಯ ನೆರಳಿಗೆ ಕೂತು, ಚೂಟಿ ಹಿಂದೆ ಬರೆದು ಕಳಿಸಿದ್ದ ಸಾಲುಗಳನ್ನು ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದಳು. "ಕೋಳಿ ಕೂಗಿತು. ಅಮ್ಮ ಅಚ್ಚು ಹೊಡೆದಳು. ಅಕ್ಕನ ಕೈ ಉದ್ದ." ಪಾಠಕ್ಕೆಂದು ಬರೆದ ಸಾಲುಗಳು, ಅಷ್ಟೇ. ಓದಿ ಮುಗಿಸಿ, ಗಾಜನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಪಟ್ಟಣಕ್ಕೆ ಬಂದರೆ ಮುಂದೆ ಕಲಿಸುತ್ತೇನೆಂದರು ಟೀಚರ್. "ನಾನು ಬಂದ್ರೆ ಅಪ್ಪ ಅಮ್ಮನ್ನ ಯಾರು ನೋಡ್ತಾರೆ?" ಎಂದಳು.

ಗೂಡಿನ ಕೆಲಸ ಮುಗಿದು ಆ ಕುಟುಂಬ ಬೇರೆ ಗೂಡಿಗೆ ಹೋಯಿತು. ಮಗಳು ಓದುವುದನ್ನು ಕಲಿತ ವಿಷಯ ಅಪ್ಪನಿಗೆ ಅದು ಹೇಗೋ ತಿಳಿದಿತ್ತು. ಹೊಸ ಜಾಗದ ಮೊದಲ ವಾರ, ಕೆಮ್ಮಿಗೆಂದು ತಂದ, ಕನ್ನಡದ ಚೀಟಿ ಅಂಟಿಸಿದ್ದ ಔಷಧಿಯ ಬಾಟಲಿಯನ್ನು ಅವನು ಅವಳ ಮುಂದೆ ಇಟ್ಟ.

"ಏನ್ ಬರ್ದಿದಾರೆ ನೋಡು."

ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದಳು. ಒಂದೊಂದೇ ಅಕ್ಷರ ಬಿಡಿಸಿ, ಎರಡು ಕಡೆ ಎಡವಿ, ಮತ್ತೆ ಹಿಂದಕ್ಕೆ ಹೋಗಿ ಓದಿದಳು. ಸರಿಯೋ ತಪ್ಪೋ ಅಪ್ಪನಿಗೆ ತಿಳಿಯುವಂತಿರಲಿಲ್ಲ. ತಲೆ ತಗ್ಗಿಸಿ ಪೂರ್ತಿ ಕೇಳಿದ. ಮುಗಿದ ಮೇಲೆ, "ಇನ್ನೊಂದ್ಸಲ ಓದು" ಎಂದ. ಅವಳು ಓದುತ್ತಿದ್ದಂತೆ ಅವನ ಭುಜಗಳು ಕುಲುಕತೊಡಗಿದವು. ಒಲೆಯ ಮುಂದಿದ್ದ ಅಮ್ಮ ಎದ್ದು ಬಂದು ಅವನ ಪಕ್ಕದಲ್ಲಿ ಕೂತಳು.