ಲಾರಿಗಳು ಏಳದ ಬೆಳಗುಗಳು

ಆ ಚಳಿಗಾಲದಲ್ಲಿ ನನ್ನ ತಮ್ಮ ಮಂಗೋಲಿಯಾದ ಒಂದು ಕಲ್ಲಿದ್ದಲು ಗಣಿಯಲ್ಲಿದ್ದ. ನಾವು ಸಿಂಗಪುರದ ಚೋವಾ ಚು ಕಾಂಗ್‌ನ ಫ್ಲಾಟಿನಲ್ಲಿ ಫ್ಯಾನಿನ ಕೆಳಗಿದ್ದೆವು. ಎರಡೂ ಕಡೆ ಗಡಿಯಾರ ಒಂದೇ ಹೊತ್ತು ತೋರಿಸುತ್ತದೆ. ಹಾಗಾಗಿ ಲಾರಿಗಳು ಸ್ಟಾರ್ಟ್ ಆಗಲಿಲ್ಲ ಎಂಬ ಸುದ್ದಿ ನಮಗೆ ದಿನವೂ ಸರಿಯಾಗಿ ದೋಸೆ ಹುಯ್ಯುವ ಹೊತ್ತಿಗೆ ಬರುತ್ತಿತ್ತು.

ಅವನನ್ನು ಕಳಿಸಿದ್ದು ಇಲ್ಲಿನ ಬೂನ್ ಲೇ ಕಡೆಯ ಒಂದು ಕಂಪನಿ. ಗಣಿಯ ಲಾರಿಗಳನ್ನು ನೋಡಿಕೊಳ್ಳುವ ಗುತ್ತಿಗೆ ಅದರದ್ದು. ತಮ್ಮ ಇನ್ನೂ ಪ್ರೊಬೇಷನ್‌ನಲ್ಲಿದ್ದ. ಗುತ್ತಿಗೆ ಹೋದರೆ ಅವನ ಕೆಲಸ ಹೋಗುತ್ತದೆ, ಕೆಲಸ ಹೋದರೆ ಸಿಂಗಪುರದಲ್ಲಿರಲು ಬೇಕಾದ ಪಾಸೂ ಹೋಗುತ್ತದೆ. ಬೆಳಗಿನ ಪಾಳಿಗೆ ಲಾರಿಗಳು ಹೊರಡಲೇಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಗಣಿಯ ಮ್ಯಾನೇಜರ್ ವಾರದ ಕೊನೆಯವರೆಗೆ ಗಡುವು ಕೊಟ್ಟಿದ್ದ.

ಅಂಥ ಚಳಿಯಲ್ಲಿ ರಾತ್ರಿ ನಿಲ್ಲಿಸಿದ ಡೀಸೆಲ್ ಎಂಜಿನ್ ಬೆಳಿಗ್ಗೆ ಸುಲಭವಾಗಿ ಏಳುವುದಿಲ್ಲ. ಎಣ್ಣೆ ಪಾಕದಂತೆ ಗಟ್ಟಿಯಾಗುತ್ತದೆ, ಬ್ಯಾಟರಿ ಸೋಲುತ್ತದೆ. ಅದಕ್ಕೇ ಎಂಜಿನ್ನಿನ ಕಬ್ಬಿಣದ ಒಡಲನ್ನು, ಅಂದರೆ ಬ್ಲಾಕನ್ನು, ಬೆಚ್ಚಗಿಡಲು ಒಂದು ಹೀಟರ್ ಕೂರಿಸಿರುತ್ತಾರೆ. ಲಾರಿಯ ಮುಂದೆ ನೇತಾಡುವ ವೈರನ್ನು ಪ್ಲಗ್ಗಿಗೆ ಸಿಕ್ಕಿಸಬೇಕು, ಅಷ್ಟೇ.

ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ಇದನ್ನು ವಿವರಿಸಿ ನನಗೆ ಸಾಕಾಗಿತ್ತು. ಇಲ್ಲಿ ಬ್ಲಾಕ್ ಎಂದರೆ ನಾವಿರುವ ಕಟ್ಟಡ. ವಿಳಾಸ ಶುರುವಾಗುವುದೇ ಅದರಿಂದ. ಅಮ್ಮ ಕೆಳಗೆ ವಾಯ್ಡ್ ಡೆಕ್ ಎನ್ನುವ ತೆರೆದ ಹಜಾರದಲ್ಲಿ ಸಿಕ್ಕ ತಮಿಳು ಆಂಟಿಗೆ, "ನನ್ನ ಮಗ ಇರೋ ಕಡೆ ಇಡೀ ಬ್ಲಾಕಿಗೇ ಹೀಟರ್ ಹಾಕ್ಸಿದಾರಂತೆ, ಪುಣ್ಯವಂತರು" ಎಂದು ಹೇಳಿ ಬಂದಿದ್ದಳು. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಆ ಆಂಟಿ ನನ್ನನ್ನು ಆ ಕಟ್ಟಡದ ಬಗ್ಗೆಯೇ ಕೇಳುತ್ತಿದ್ದರು.

ವಾರದ ಮೊದಲ ದಿನಗಳು ಹೀಗೆ ಹೋದವು. ತಮ್ಮ ಬ್ಯಾಟರಿ ಬದಲಾಯಿಸಿದ, ಫಿಲ್ಟರ್ ಬದಲಾಯಿಸಿದ, ಚಳಿಗಾಲಕ್ಕೆಂದೇ ಬರುವ ಡೀಸೆಲ್ ತುಂಬಿಸಿದ. ಲಾರಿಗಳು ಮಧ್ಯಾಹ್ನದ ಹೊತ್ತಿಗೆ ಕೆಮ್ಮಿಕೊಂಡು ಏಳುತ್ತಿದ್ದವು. ಮ್ಯಾನೇಜರ್ ಬಂದು ಗಡಿಯಾರ ನೋಡಿ ಹೋಗುತ್ತಿದ್ದ.

"ಮಾಮ, ಬಿಸಿನೀರು ಹಾಕು ಲಾ!" ಎಂದು ನನ್ನ ಮಗಳು ಇಲ್ಲಿಯವರ ಧಾಟಿಯಲ್ಲಿ ಫೋನಿಗೆ ಬಾಯಿ ಹಾಕಿದಳು.

"ಪುಟ್ಟಿ, ಇಲ್ಲಿ ನಿನ್ ಮಾಮನೇ ಐಸ್ ಆಗಿದಾನೆ. ಫೋನ್ ನಿಮ್ಮಮ್ಮಂಗೆ ಕೊಡು."

ಹಿಂದೆ ಪತ್ರಿಕೆಯ ಡೆಸ್ಕಿನಲ್ಲಿದ್ದಾಗ ನಾನು ವರದಿಗಾರರನ್ನು ಕೇಳುತ್ತಿದ್ದ ಹಾಗೆಯೇ ಕೇಳಿದೆ. "ಹೀಟರ್ ಹಾಕ್ತಿದೀಯಾ?"

"ದಿನಾ ನಾನೇ ಹಾಕ್ತೀನಿ ಅಕ್ಕಾ. ಅಷ್ಟೂ ಗೊತ್ತಾಗಲ್ವಾ ನಂಗೆ?"

"ಕೆಲಸ ಮಾಡ್ತಿದೆಯಾ?"

"ಮುಟ್ಟಿ ನೋಡಿದೀನಿ. ಚೆನ್ನಾಗಿ ಬಿಸಿ ಆಗತ್ತೆ."

ಎರಡೂ ನಿಜವಾಗಿದ್ದವು. ಸುಳ್ಳು ಹೇಳುವವರಿಂದ ಸಂಗತಿ ಹೊರಗೆಳೆಯಬಹುದು. ಕೇಳಿದಷ್ಟಕ್ಕೇ ನಿಜ ಹೇಳಿ ಸುಮ್ಮನಾಗುವವರಿಂದ ಹೊರಗೆಳೆಯುವುದು ಕಷ್ಟ.

ಗುರುವಾರ ಅಮ್ಮ ಸ್ಪೀಕರಿನಲ್ಲಿದ್ದ ಫೋನ್ ಕಿತ್ತುಕೊಂಡಳು. ಊಟದ ವಿಚಾರಣೆ ಮುಗಿಸಿ, "ಮಲಗೋ ಮುಂಚೆ ಹೀಟರ್ ಆಫ್ ಮಾಡ್ತೀಯಾ ತಾನೇ? ಹಾಗೇ ಬಿಟ್ಟು ಮಲಗಿದ್ರೆ ಸಿಡಿಯತ್ತೆ ಕಣೋ" ಎಂದಳು. ಅವಳು ಕೇಳಿದ್ದು ಅವನ ಕೋಣೆಯ ಹೀಟರ್ ಬಗ್ಗೆ.

"ಎಲ್ಲಾ ಆಫ್ ಮಾಡೇ ಮಲಗೋದಮ್ಮ. ಒಂದೊಂದು ಲಾರಿ ಹತ್ರಾನೂ ಹೋಗಿ ಆಫ್ ಮಾಡ್ಬರ್ತೀನಿ."

"ಜಾಣ."

ಸೌಟು ಹಿಡಿದುಕೊಂಡೇ ನಾನು ಫೋನ್ ಕಸಿದುಕೊಂಡೆ. "ಏನಂದೆ? ಲಾರಿಗಳ ಹೀಟರ್ ಆಫ್ ಮಾಡ್ತೀಯಾ?"

"ಮತ್ತೆ? ಸಂಜೆ ಹಾಕ್ತೀನಿ, ಊಟದ ಹೊತ್ತಿಗೆ ಕಾದಿರತ್ತೆ. ಮೇಲೆ ದಪ್ಪ ಹೊದಿಕೆ ಬೇರೆ ಇದೆ. ಗೀಸರ್ ನೀರು ಬೆಳಿಗ್ಗೆವರೆಗೂ ಬಿಸಿ ಇರಲ್ವಾ?"

ಮೈಸೂರಿನ ನಮ್ಮನೆಯಲ್ಲಿ ಗೀಸರ್ ಒಂದು ಉಪಕರಣವಾಗಿರಲಿಲ್ಲ, ಕಟ್ಟಿಹಾಕಿದ ಹುಲಿಯಾಗಿತ್ತು. ಹಾಕಬೇಕು, ಕಾಯಬೇಕು, ಆರಿಸಬೇಕು, ಆಮೇಲೆ ಸ್ನಾನ. ಬೀಗ ಹಾಕಿ ಬಸ್ ಸ್ಟಾಪಿನವರೆಗೆ ಹೋದವರು ಗೀಸರ್ ಆಫ್ ಮಾಡಿದೆವೋ ಇಲ್ಲವೋ ಎಂದು ತಿರುಗಿ ಬಂದದ್ದುಂಟು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರೂ ಆ ಪಾಠ ಮನಸ್ಸಿನ ತಳದಲ್ಲಿ ಹಾಗೇ ಉಳಿದಿರುತ್ತದೆ. ಅವನನ್ನು ತಿದ್ದುವವರೂ ಅಲ್ಲಿರಲಿಲ್ಲ. ಕಡು ಚಳಿ ಶುರುವಾಗುವವರೆಗೆ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದವು, ಎಂಜಿನ್ ತಣ್ಣಗಾಗುತ್ತಲೇ ಇರಲಿಲ್ಲ. ರಾತ್ರಿ ಪಾಳಿ ನಿಂತ ಮೇಲೆ ಯಾರ್ಡಿನಲ್ಲಿ ಉಳಿಯುತ್ತಿದ್ದವನು ಇವನೊಬ್ಬನೇ.

ಇಷ್ಟಾದರೂ ಅವನು ವಾದಕ್ಕೆ ನಿಂತ. "ರಾತ್ರಿಯೆಲ್ಲ ಆನ್ ಇಟ್ಟು ಬೆಂಕಿ ಹತ್ಕೊಂಡ್ರೆ ಯಾರೇ ಹೊಣೆ?"

"ಅದನ್ನ ಮಾಡಿರೋದೇ ರಾತ್ರಿಯೆಲ್ಲ ಆನ್ ಇಡೋಕೆ ಕಣೋ!"

"ಸುಮ್ನೆ ಮಗೂಗೆ ಇಲ್ಲದ್ದು ಹೇಳ್ಕೊಡ್ಬೇಡ," ಎಂದು ಅಮ್ಮ ನನಗೇ ಗದರಿದಳು. ಆ ಮಗುವಿಗೆ ಅಷ್ಟು ಹೊತ್ತಿಗೆ ತಲೆಗೂದಲು ಉದುರಲು ಶುರುವಾಗಿತ್ತು.

ನನ್ನ ಮಾತು ನಂಬಬೇಡ, ಬೂನ್ ಲೇಗೆ ಫೋನ್ ಮಾಡಿ ಕೇಳು ಎಂದೆ. ಮಧ್ಯಾಹ್ನ ಅವನೇ ಮತ್ತೆ ಫೋನ್ ಮಾಡಿದ. ಧ್ವನಿ ಇಳಿದಿತ್ತು.

"ಆಫ್ ಮಾಡೋಕೆ ಯಾರು ಹೇಳಿದ್ದು ಅಂತ ಬಾಸ್ ಕೇಳಿದ್ರು."

"ನೀನೇನಂದೆ?"

"ಅಮ್ಮ ಅನ್ನೋಕಾಗತ್ತಾ? ಲೈನ್ ಸರಿ ಇಲ್ಲ ಅಂತ ಇಟ್ಬಿಟ್ಟೆ."

ಶುಕ್ರವಾರ ಫೋನ್ ಬಂದಾಗ ಅವನ ಮಾತೇ ಕೇಳಿಸಲಿಲ್ಲ. ಹಿಂದೆ ಎಂಜಿನ್‌ಗಳ ಗದ್ದಲ. ಒಂದು ಲಾರಿ ಬಿಟ್ಟು ಉಳಿದೆಲ್ಲ ಪಾಳಿಯ ಹೊತ್ತಿಗೆ ಎದ್ದಿದ್ದವು. ಆ ಒಂದರ ಬ್ಯಾಟರಿ ನಿಜಕ್ಕೂ ಸತ್ತಿತ್ತು. ಮ್ಯಾನೇಜರ್ ಗಡಿಯಾರ ನೋಡಿ, ಸರಿ ಎಂದು ತಲೆಯಾಡಿಸಿ ಹೋದನಂತೆ. ಯಾವುದೂ ಸಿಡಿಯಲಿಲ್ಲ ತಾನೇ ಎಂದು ಅಮ್ಮ ಕೇಳಿ ಖಚಿತಪಡಿಸಿಕೊಂಡಳು.

ಮರುವಾರ ಕಂಪನಿಯಿಂದ ತೀರ್ಮಾನ ಬಂತು.

"ಕನ್ಫರ್ಮ್ ಆಯ್ತು ಅಕ್ಕಾ," ಎಂದ. ದನಿಯಲ್ಲಿ ಖುಷಿಯಿರಲಿಲ್ಲ. "ಚಳೀಲಿ ಗಾಡಿ ಏಳಿಸೋದು ಗೊತ್ತಿರೋನು ನಮ್ಮಲ್ಲಿ ನೀನೊಬ್ನೇ, ಮುಂದಿನ ಚಳಿಗಾಲಾನೂ ನೀನೇ ಅಲ್ಲಿರು ಅಂದ್ರು."

"ಆಗಲ್ಲ ಅನ್ನೋ," ಎಂದಳು ಅಮ್ಮ.

"ಆಗಲ್ಲ ಅಂದ್ರೆ ಪಾಸ್ ಬೇಡ ಅಂದ ಹಾಗೇ ಅಮ್ಮ."

ವಾರವಿಡೀ ಆ ಕೆಲಸ ಉಳಿಯಲಿ ಎಂದು ಒದ್ದಾಡಿದ್ದೆವು. ಅದು ಉಳಿಯಿತು, ಅಲ್ಲೇ. ಅಮ್ಮ ಕಂಪನಿಗೂ ಗಣಿಗೂ ಸೇರಿಸಿ ಒಂದು ಸುತ್ತು ಬೈದು, ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡು, ಇಲ್ಲಿ ದಪ್ಪ ಉಣ್ಣೆಯ ಕಾಲುಚೀಲ ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಿದಳು.